ಕಪನೂರದಲ್ಲಿ ಬಿಚ್ಚಿದ ಡ್ರಮ್

ಏಳು ತಿಂಗಳು ಠಾಣೆಯ ಅಂಗಳದಲ್ಲಿ ಮಳೆಗೆ ನಿಂತು, ಅಪ್ಪನ ಜೀಪಿನ ಹಿಂದಿನ ಗಾಲಿಗಳು ತುಕ್ಕಿಗೆ ಬಿಗಿಹಿಡಿದುಬಿಟ್ಟಿದ್ದವು. ಕಮಲಾಪುರದಿಂದ ಕಲಬುರಗಿಯ ಕಪನೂರದ ಗ್ಯಾರೇಜಿಗೆ ಅದನ್ನು ಕ್ರೇನಿನಿಂದ ಎತ್ತಿಸಿ ತಂದದ್ದು ನನ್ನ ಹಟಕ್ಕೆ.

"ಗುಜರಿಗಿ ಹಾಕಿಬಿಡೂಣು, ಮಲ್ಲಿ," ಅಂದಿದ್ದ ಅಪ್ಪ.

ಅಪ್ಪ ಬಾಡಿಗೆಗೆ ಓಡಿಸುತ್ತಿದ್ದ ಈ ಜೀಪು ಕಮಲಾಪುರದ ಬಸ್‌ಸ್ಟ್ಯಾಂಡಿನ ಮುಂದೆ ನಮ್ಮ ಓಣಿಯ ವಿಮಲಾಬಾಯಿಯ ಮೇಲೆ ಹರಿದು ಆಕೆ ತೀರಿಕೊಂಡಿದ್ದರು. ಬ್ರೇಕ್ ಹತ್ತಲಿಲ್ಲ ಎಂದು ಅಪ್ಪ ಅಂದಿನಿಂದ ಹೇಳುತ್ತಲೇ ಇದ್ದಾನೆ. ಫೋನಿನಲ್ಲಿ ಮಾತಾಡುತ್ತ ಬಂದ ಅಂತ ಊರು ಹೇಳುತ್ತದೆ. ತಪಾಸಣೆಗೆ ಬಂದವರು ಪೆಡಲ್ ಒತ್ತಿ ನೋಡಿ, ಸರಿಯಿದೆ ಎಂದು ಬರೆದು ಹೋದರು. ಹಿಂದಿನ ಗಾಲಿಯೊಳಗಿನ ಬ್ರೇಕ್ ಡ್ರಮ್ ಬಿಚ್ಚಲೇ ಇಲ್ಲ. ವಿಮಲಾಬಾಯಿಯ ಮಗಳು ಯಶೋಧರಾ ನನ್ನ ಜೊತೆ ಡಿಗ್ರಿ ಮುಗಿಸಿದವಳು. ಅಪ್ಪ ಸುಳ್ಳಾಡುವವನಲ್ಲ ಎಂದು ಆಕೆಗೆ ಹೇಳಿದ್ದೆ, ಬಾಗಿಲು ಹಾಕಿಕೊಂಡಳು. ಡ್ರಮ್ ಬಿಚ್ಚಿಸಿ ಫೋಟೋ ತೆಗೆದರೆ ಕೇಸಿಗೆ ಆಧಾರವಾಗುತ್ತದೆ ಎಂದರು ವಕೀಲರು. ಮನೆಗೆ ಬಂದವರೆದುರು ಬಾಯಿ ಬಿಡದ ನಾನು ವಕೀಲರ ಆಫೀಸಿಗೆ ಒಬ್ಬಳೇ ಹೋಗಿ ಕೇಳಿಕೊಂಡು ಬಂದಿದ್ದೆ.

ಮೆಕ್ಯಾನಿಕ್ ಬುರ್ಹಾನುದ್ದೀನ್ ಚಾಚಾ ಹ್ಯಾಂಡ್‌ಬ್ರೇಕಿನ ಕೇಬಲ್ ಸಡಿಲಿಸಿ, ಗಾಲಿ ತೆಗೆದು, ಡ್ರಮ್ಮಿನ ಸುತ್ತ ಡೀಸೆಲ್ ಸುರಿದು ಹಥೋಡಿಯಿಂದ ಬಡಿದರು. ತುಕ್ಕು ಉದುರಿತು. ಡ್ರಮ್ ಕದಲಲಿಲ್ಲ.

"ಏನ್ ಖಂಡೆಪ್ಪಣ್ಣ, ನಮ್ಮ ಅತ್ತಿ ತಿಜೋರಿ ಆಗ್ಯಾದಲ್ಲ ಇದು!" ಎಂದು ಅಪ್ಪನತ್ತ ನೋಡಿದರು.

"ಬರಲ್ದಿದ್ರ ಬಿಡ್ರಿ ಉಸ್ತಾದ್. ಯಾಕ ಸುಮ್ಮ ತ್ರಾಸ," ಅಂದ ಅಪ್ಪ.

"ಬಿಡಬ್ಯಾಡ್ರಿ ಚಾಚಾ," ಅಂದೆ. ನನ್ನ ದನಿ ನನಗೇ ಜೋರೆನಿಸಿತು.

"ಕೇಸ್ ನೀನೇ ನಡಸು ಬೇಟಿ, ವಕೀಲ ಯಾಕ ಬೇಕು!" ಎಂದು ನಕ್ಕು, ಚಾಚಾ ಡ್ರಮ್ಮಿನ ಮುಖದ ಎರಡು ತೂತುಗಳಿಗೆ ಬೋಲ್ಟ್ ಕೂಡಿಸಿ ಒಮ್ಮೆ ಇದನ್ನು, ಒಮ್ಮೆ ಅದನ್ನು ಬಿಗಿಯುತ್ತ ಹೋದರು. ಬೋಲ್ಟ್ ಒಳಗೆ ಹೋದಷ್ಟೂ ಡ್ರಮ್ ಹೊರಕ್ಕೆ ಬಂತು.

ಒಳಗೆ ಬ್ರೇಕಿನ ಲೈನರ್ ಸವೆಯದೆ ಇನ್ನೂ ದಪ್ಪಗಿತ್ತು. ಹಾಗಾದರೆ ಬ್ರೇಕ್ ಸರಿಯೇ ಇತ್ತೇ ಎಂದುಕೊಂಡೆ. ಪೆಡಲ್ ಒತ್ತಲು ಚಾಚಾ ಅಪ್ಪನಿಗೆ ಹೇಳಿದರು. ಅಪ್ಪ ನಿಂತಲ್ಲೇ ನಿಂತ. ನಾನೇ ಹತ್ತಿ ಒತ್ತಿದೆ.

"ಇಲ್ಲಿ ಬ್ರೇಕ್ ಆಯಿಲೇ ಬರವಲ್ದು," ಅಂದರು ಚಾಚಾ. ಪೈಪ್ ಬಿಚ್ಚಿ ಅಂಗೈಗೆ ತಟ್ಟಿದರು. ಸಣ್ಣ ಉಕ್ಕಿನ ಗುಂಡೊಂದು ಬಿತ್ತು. ಆಚೆ ಗಾಲಿಯ ಪೈಪಿನಲ್ಲೂ ಅಂಥದೇ ಇನ್ನೊಂದು.

"ಆಯಿಲ್ ಸೋರ್ತದಂತ ಗುಂಡ ಇಟ್ಟು ಹಿಂದಿನ ಬ್ರೇಕೇ ಬಂದ್ ಮಾಡ್ಯಾರ. ಮನಿ ಮುಟ್ಟೋತನಕ ಮಾಡೋ ಕೆಲಸ ಇದು. ಯಾವನಣ್ಣ ಈ ಶಾಣ್ಯಾ?"

"ನಾನೇ," ಅಂದ ಅಪ್ಪ. "ದೀಪಾವಳಿಗಿ ಸೀಟ್ ಭಾಳ ಇದ್ವು. ನಾಳಿ ಮಾಡಸ್ತೀನಿ, ನಾಳಿ ಮಾಡಸ್ತೀನಿ ಅಂತ ನಾಕ ತಿಂಗಳು ಹಂಗೇ ಓಡಿಸ್ದೆ."

ಅಪ್ಪ ಸುಳ್ಳಾಡಿರಲಿಲ್ಲ. ಹಿಂದಿನ ಬ್ರೇಕ್ ಹತ್ತಿರಲಿಲ್ಲ. ಹತ್ತುವುದಿಲ್ಲವೆಂದು ಗೊತ್ತಿದ್ದೂ ದಿನಾ ಜನರನ್ನು ತುಂಬಿಕೊಂಡು ಹೋಗಿದ್ದ.

"ಡ್ರಮ್ ತಿರುಗಿ ಹಾಕ್ರಿ ಉಸ್ತಾದ್. ಮಲ್ಲಿ, ಮನಿಗಿ ನಡಿ."

ಫೋಟೋ ತೆಗೆಯಲು ನಾನು ಫೋನ್ ಹೊರಗೆ ತೆಗೆದೆ. ಅಪ್ಪ ಗಾಲಿಗೆ ಅಡ್ಡ ಬಂದ.

"ಯಾರಿಗಿ ಕಳಸ್ತಿ? ವಕೀಲಗೇನು?"

"ಯಶೋಧರಾಗ."

ಚಾಚಾ ಹಥೋಡಿ ಕೆಳಗಿಟ್ಟು ಬೀಡಿ ಹುಡುಕುವ ನೆವದಲ್ಲಿ ಹೊರಗೆ ಹೋದರು.

"ಸ್ವಲ್ಪ ಆಚಿ ಸರಿ, ಅಪ್ಪಾ," ಅಂದೆ.

ಅಪ್ಪ ನನ್ನ ಕೈಯ ಫೋನ್ ನೋಡಿದ. ಆಮೇಲೆ ಸರಿದ.