ಮೂರನೆಯ ಕಡೆಯಿಂದ ಇನ್ನೂ ಬಂದಿಲ್ಲ

೧

ಕಾಯುವವರ ಕಥೆಯನ್ನು ಎಲ್ಲಿಂದ ಆರಂಭಿಸುವುದು? ಅವರಿಗೆ ಏನೂ ಸಂಭವಿಸುತ್ತಿರುವುದಿಲ್ಲ. ಅದೇ ಅವರ ಕಷ್ಟ. ವಾರಪತ್ರಿಕೆಗಳ ಧಾರಾವಾಹಿಗಳಲ್ಲಿ ಪಳಗಿದ ನನ್ನ ಕೈಯಂತೂ ಮೊದಲ ಸಾಲಿನಲ್ಲೇ ಒಂದು ಹೆಣ ಬೀಳಿಸಲು ತವಕಿಸುತ್ತದೆ. ಬೀಳಿಸಿದೆ, ಎತ್ತಿದೆ. ಎರಡನೆಯ ಕರಡಿನಲ್ಲಿ ಯಾರೋ ದಡದಡನೆ ಬಾಗಿಲು ಬಡಿದರು. ತೆರೆದರೆ, ಬೈಂಡಿಂಗ್ ದರ ವಿಚಾರಿಸಲು ಬಂದ ಗಿರಾಕಿ.

ಸರಿ, ಹಾಗಾದರೆ ಅಂಗಡಿಯಿಂದಲೇ ಹೊರಡೋಣ.

೨

ವಿಶ್ವವಿದ್ಯಾಲಯದ ಹಿಂಬದಿಯ ಬೀದಿಯಲ್ಲಿ ಒಂದು ಬೈಂಡಿಂಗ್ ಅಂಗಡಿ. ಸಂಶೋಧಕರು ವರ್ಷಗಟ್ಟಲೆ ಬರೆದ ಪ್ರಬಂಧಗಳು ಇಲ್ಲಿ ಹೊಲಿಗೆ ಹಾಕಿಸಿಕೊಂಡು, ರಟ್ಟು ತೊಟ್ಟು, ಹೊಂಬಣ್ಣದ ಅಕ್ಷರಗಳಲ್ಲಿ ಹೆಸರು ಒತ್ತಿಸಿಕೊಂಡು ಹೊರಡುತ್ತವೆ. ಅಕ್ಷರ ಒತ್ತುವವರು ಅಪ್ಪ. ಹಾಳೆ ಹೊಲಿಯುವವಳು ಮಗಳು. ಅವಳನ್ನು ಇಡೀ ಬೀದಿ ಸೂಜಿ ಎಂದೇ ಕರೆಯುತ್ತದೆ; ಕೆಲಸಕ್ಕಷ್ಟೇ ಅಲ್ಲ, ಬಾಯಿಗೂ ಒಪ್ಪುವ ಹೆಸರು.

ಸೂಜಿ ಎಂ.ಎಸ್ಸಿ. ಮುಗಿಸಿದ್ದಾಳೆ. ಹಳೆಯ ಕಾಗದವನ್ನು ತಿನ್ನುವ ಬೂಷ್ಟಿನ ಮೇಲೆ ಸಂಶೋಧನೆ ಮಾಡಬೇಕೆಂಬುದು ಅವಳ ಆಸೆ. ಪಿಎಚ್.ಡಿ.ಗೆ ಮೂರು ಕಡೆ ಅರ್ಜಿ ಹಾಕಿದಳು. ಎರಡು ಕಡೆಯವರು ವಿಷಾದಿಸಿದರು. (ಪದಶಃ ಒಂದೇ ವಿಷಾದ. ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆದಂತಿತ್ತು.) ಇನ್ನುಳಿದದ್ದು ಮೂರನೆಯದು: ದೂರದ್ದು, ಅವಳಿಗೆ ನಿಜಕ್ಕೂ ಬೇಕಾದದ್ದು.

"ಬೂಷ್ಟು ಓದೋಕೆ ಅಷ್ಟು ದೂರ ಹೋಗ್ಬೇಕೇನೆ? ನಮ್ಮ ಅಟ್ಟದಲ್ಲೇ ಬೇಕಾದಷ್ಟಿದೆಯಲ್ಲ," ಎಂದರು ಅಪ್ಪ.

"ಅಟ್ಟದವರು ಡಿಗ್ರಿ ಕೊಡ್ತಾರಾ ಅಪ್ಪ?"

೩ (ರದ್ದಾಗಿದೆ)

ಇಲ್ಲಿ ಸೂಜಿಗೊಬ್ಬ ಪ್ರೇಮಿಯನ್ನು ಕರೆತಂದಿದ್ದೆ. ಎದುರು ಸಾಲಿನ ಔಷಧಿ ಅಂಗಡಿಯವನು, ಮಿತಭಾಷಿ.

"ಇವನ್ಯಾರು?" ಎಂದಳು ಸೂಜಿ, ದಾರ ಕಚ್ಚಿ ತುಂಡರಿಸುತ್ತ.

"ನಿನ್ನ ಪ್ರೇಮಿ. ನೀನು ಹೊರಟುಹೋದರೆ ಅವನ ಗತಿಯೇನು ಎಂಬ ಸಸ್ಪೆನ್ಸ್ ಇರಲಿ ಅಂತ."

"ನನ್ನ ಗತಿಯೇನು ಅನ್ನೋ ಸಸ್ಪೆನ್ಸ್ ಸಾಲ್ದಾ ಸರ್ ನಿಮಗೆ? ಕಳಿಸಿ ಅವನನ್ನ."

ಕಳಿಸಿದೆ. ಪಾಪ, ಒಂದು ಮಾತೂ ಆಡದೆ ಹೋದ.

೩

ಮೂರನೆಯ ಅರ್ಜಿ ಹೋದ ವಿಭಾಗದ ವೆಬ್‌ಸೈಟಿನಲ್ಲಿ ಒಂದು ಫೋಟೊ ಇದೆ. ಪ್ರಯೋಗಾಲಯದ ಉದ್ದನೆಯ ಮೇಜು, ಸೂಕ್ಷ್ಮದರ್ಶಕಗಳ ಮುಂದೆ ನಗುತ್ತಿರುವ ಕೆಲವರು, ಬಲತುದಿಯಲ್ಲಿ ಒಂದು ಖಾಲಿ ಸ್ಟೂಲು. ಫೋಟೊ ತೆಗೆಯಲೆಂದು ಯಾರೋ ಅದರಿಂದ ಎದ್ದುಹೋಗಿರಬೇಕು. ಇದು ಸೂಜಿಗೂ ಗೊತ್ತು. ಆದರೂ ಊಟದ ಬಿಡುವಿನಲ್ಲಿ ಅದನ್ನೇ ತೆರೆದು, ಅಲ್ಲಿ ಕೂತರೆ ಕಿಟಕಿಯಾಚೆ ಏನು ಕಾಣಬಹುದೆಂದು ಬೆರಳುಗಳಿಂದ ಹಿಗ್ಗಿಸುತ್ತಾಳೆ. ಹಿಗ್ಗಿಸಿದಷ್ಟೂ ಕಿಟಕಿ ಬರಿಯ ಬಿಳಿಯ ಚೌಕಗಳಾಗಿ ಒಡೆಯುತ್ತದೆ.

(ಈ ಜಾಗದಲ್ಲೊಂದು ಉಪಮೆಯಿತ್ತು. ಚೆನ್ನಾಗಿಯೇ ಇತ್ತು. ಹೊಡೆದುಹಾಕಿದೆ.)

೪

ಈಗ ತಿರುವು. ಓದುಗರು ದಯವಿಟ್ಟು ನೆಟ್ಟಗೆ ಕೂರಬೇಕು.

ಯಾವ ಹೆಸರನ್ನೇ ಆಗಲಿ, ಮೊದಲು ಹಳೆಯ ರಟ್ಟಿನ ಚೂರಿನ ಮೇಲೆ ಒತ್ತಿ ನೋಡುವುದು ಅಂಗಡಿಯ ಪದ್ಧತಿ. ಒಂದು ಮಧ್ಯಾಹ್ನ ಮಗಳು ನೂಲು ತರಲು ಹೋಗಿದ್ದಾಗ ಅಪ್ಪ ಅಚ್ಚಿನ ಮೊಳೆಗಳನ್ನು ಒಂದೊಂದಾಗಿ ಆಯ್ದು, ಅವಳ ಪೂರ್ತಿ ಹೆಸರನ್ನು ಜೋಡಿಸಿ, ಚೂರಿನ ಮೇಲೆ ಒತ್ತಿದರು. ಕನ್ನಡಕ ಏರಿಸಿ ನೋಡಿದರು. ಅಷ್ಟರಲ್ಲಿ ಯಾರೋ ಬಂದು ಮಾತಿಗೆಳೆದರು. ಮಾತಿನ ಭರದಲ್ಲಿ ಮೊಳೆ ಕಳಚುವುದನ್ನು ಮರೆತ ಅಪ್ಪ, ಶೀರ್ಷಿಕೆ ಮುಗಿದು ಹೆಸರಿಗಾಗಿ ಕಾದಿದ್ದ ಹೊಸ ರಟ್ಟಿನ ಮೇಲೂ ಅದನ್ನೇ ಒತ್ತಿಬಿಟ್ಟರು.

ಮರುದಿನ ಗಿರಾಕಿ ಬಂದ. ಸೇತುವೆಗಳ ಬಿರುಕಿನ ಬಗ್ಗೆ ಪ್ರಬಂಧ ಬರೆದವನು.

"ಯಾರ್ರೀ ಇವರು? ಬಿರುಕು ನೋಡಿ ನೋಡಿ ಕಣ್ಣು ಹಾಳು ಮಾಡ್ಕೊಂಡಿದ್ದು ನಾನು, ಪದವಿ ಇವರಿಗಾ?"

ಸೂಜಿ ಇಣುಕಿದಳು. ಕಿವಿಯವರೆಗೂ ಕೆಂಪಾದಳು. "ಸಂಜೆ ಬನ್ನಿ ಸರ್. ಬೇರೆ ಮಾಡಿಡ್ತೀವಿ."

ಅವನು ಗೊಣಗುತ್ತ ಹೋದ ಮೇಲೆ ಅಪ್ಪನತ್ತ ತಿರುಗಿದಳು. "ಏನಪ್ಪ ಇದು?"

"ನಿನ್ನ ಹೆಸರು ಉದ್ದ ಅಲ್ವಾ? ಒಂದೇ ಸಾಲಲ್ಲಿ ಕೂರುತ್ತೋ ಇಲ್ವೋ ಅಂತ ನೋಡ್ದೆ."

"ಇನ್ನೂ ಸೀಟೇ ಸಿಕ್ಕಿಲ್ಲ."

"ಸಿಗಲ್ಲ ಅಂತಾನೂ ಅವರು ಹೇಳಿಲ್ವಲ್ಲ."

ಅವಳು ಅಂಟಿನ ಡಬ್ಬಿಯ ಮುಚ್ಚಳ ತೆಗೆದಳು, ಹಾಕಿದಳು. ಆಮೇಲೆ ಅತ್ತ ನೋಡುತ್ತಲೇ ಕೇಳಿದಳು: "ಕೂತಿತಾ?"

"ಕೂತಿತು. ಆಚೆ ಈಚೆ ಒಂದೊಂದು ಬೆರಳು ಜಾಗಾನೂ ಉಳೀತು."

೫

ಗಿರಾಕಿ ಬಿಟ್ಟುಹೋದ ಆ ರಟ್ಟನ್ನು ಅವಳು ದಿಂಬಿನಡಿ ಇಟ್ಟು ಮಲಗಿದಳೆಂದು ಬರೆದೆ.

"ಕುತ್ತಿಗೆ ಉಳುಕುತ್ತೆ ಸರ್," ಎಂದಳು.

ಒಳ್ಳೆಯ ರಟ್ಟನ್ನು ಅಂಗಡಿಯಲ್ಲಿ ಎಸೆಯುವುದಿಲ್ಲ. ಅವಳೇ ಅದನ್ನು ಪಟ್ಟಿಗಳಾಗಿ ಕತ್ತರಿಸಿ, ಬೇರೆಯವರ ಪ್ರಬಂಧಗಳ ಬೆನ್ನಿಗೆ ಒಳಗಿನಿಂದ ಆನಿಸಿ ಅಂಟಿಸಿದಳು. ಹೆಸರಿದ್ದ ಕಡೆ ಕತ್ತರಿ ಕೊಂಚ ತಡೆಯಿತು. (ಈ ಒಂದು ವಾಕ್ಯಕ್ಕೆ ಮಾತ್ರ ಅವಳು ತಕರಾರು ಮಾಡಲಿಲ್ಲ.)

೬

ಇನ್ನು ಮುಕ್ತಾಯ. ನನ್ನ ಬಳಿ ಮೂರಿವೆ. ಸೀಟು ಸಿಗುತ್ತದೆ, ಅಪ್ಪ ಒಂಟಿಯಾಗಿ ಹಾಳೆ ಹೊಲಿಯಲು ಕಲಿಯುತ್ತಾರೆ. ಸೀಟು ಸಿಗುವುದಿಲ್ಲ, ಸೂಜಿ ಮರುದಿನವೂ ಅಂಗಡಿಯ ಬಾಗಿಲು ತೆರೆಯುತ್ತಾಳೆ. ಮೂರನೆಯದು ವೇಯ್ಟಿಂಗ್ ಲಿಸ್ಟ್: ನನ್ನಂಥವನಿಗೆ ಇನ್ನೊಂದು ವರ್ಷದ ಕಂತುಗಳು.

"ಮೂರನೇದು ಬೇಡ ಸರ್. ಇಲ್ಲ ಅಂದ್ರೂ ತಡ್ಕೋತೀನಿ. ಇನ್ನೂ ಕಾಯಿ ಅಂತ ಮಾತ್ರ ಬರೀಬೇಡಿ."

"ಹಾಗಾದರೆ ಯಾವುದು ಬರೆಯಲಿ?"

"ನಿಮ್ಮ ಕೈಯಲ್ಲಿದ್ರೆ ಇಷ್ಟು ದಿನ ಯಾಕೆ ಸುಮ್ನಿದ್ರಿ?"

ಅಷ್ಟರಲ್ಲಿ ಮೇಜಿನ ಮೇಲಿದ್ದ ಅವಳ ಮೊಬೈಲು ಬೆಳಗಿತು. (ಇದು ನಾನು ಬರೆದದ್ದಲ್ಲ.) ಆ ವಿಭಾಗದ ಹೆಸರು. ಕೆಳಗೆ: 'ನಿಮ್ಮ ಅರ್ಜಿಯ ಕುರಿತು'.

ಸೂಜಿಯ ಎರಡೂ ಕೈ ಅಂಟುಮಯ.

"ನಾನು ತೆರೀಲಾ?" ಅಪ್ಪ ಮೆಲ್ಲನೆ ಕೇಳಿದರು.

"ಬೇಡಪ್ಪ. ಅಂಟು ಒಣಗೋದ್ರೊಳಗೆ ಇದನ್ನ ಕೂರಿಸ್ಬೇಕು."

ರಟ್ಟು ಕೂರಿಸಿದಳು. ಪ್ರೆಸ್ಸಿನ ತಿರುಪು ಬಿಗಿದಳು. ನಲ್ಲಿಯ ಕೆಳಗೆ ಒಂದೊಂದೇ ಬೆರಳನ್ನು ತೊಳೆಯತೊಡಗಿದಳು. ನಾನು ಮೆಲ್ಲಗೆ ಮೇಜಿನ ಬಳಿಗೆ ಸರಿದೆ.

"ಸರ್. ಅದು ನನಗೆ ಬಂದಿರೋದು."

"ಓದುಗರು ಕಾಯ್ತಿದ್ದಾರೆ ಕಣಮ್ಮ."

"ಕಾಯಲಿ. ನಾನು ಕಾದಿಲ್ವಾ?"

ಕೈ ಒರೆಸಿಕೊಂಡು ಮೊಬೈಲು ಎತ್ತಿಕೊಂಡಳು. "ಅಪ್ಪ, ಬಾ." ಇಬ್ಬರೂ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾನು ಬಾಗಿಲ ಹಲಗೆಗೆ ಕಿವಿಯಿಟ್ಟೆ. ಸೂಜಿಯ ದನಿ ಹೊರಗೆ ಬರಲಿಲ್ಲ. ತುಸು ಹೊತ್ತಿನ ಮೇಲೆ ಅಪ್ಪನದು ಬಂತು: "ಇನ್ನೊಂದ್ಸಲ ಓದು. ನಿಧಾನವಾಗಿ."

ಅವಳು ಮತ್ತೆ ಓದುತ್ತಿರಬೇಕು. ಇಷ್ಟು ಗಟ್ಟಿಮರದ ಬಾಗಿಲನ್ನು ಈ ಕಥೆಗೆ ಹಾಕಿಸಿದವನು ನಾನೇ.