ಒಗೆಯೋ ಕಲ್ಲಿನ ಕೆಳಗಿನ ಹಾವು

ಕಾಗೆಗಳಿನ್ನೂ ಬೆಳ್ಳಗಿದ್ದ ಕಾಲದಲ್ಲಿ, ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ, ಒಬ್ಬ ರಾಜನಿದ್ದ. ಅವನ ಸಿಂಹಾಸನ ಬೆತ್ತದ್ದು, ಅದರ ಒಂದು ಕಾಲು ತುಸು ಗಿಡ್ಡ. ಅವನ ರಾಜದಂಡ ಟೀವಿಯ ರಿಮೋಟು. ಬ್ಯಾಟರಿ ಬಿದ್ದುಹೋಗದಂತೆ ಅದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿತ್ತು. ಈಜಿಪ್ಟು, ಸುಮೇರಿಯ, ಬ್ಯಾಬಿಲೋನು, ಹರಪ್ಪ ಎಲ್ಲವೂ ಅವನ ಕೈವಶವಾಗಿದ್ದವು. ವಶವಾಗದೆ ಉಳಿದದ್ದು ಸ್ವಂತ ಮನೆಯ ಬಚ್ಚಲೊಂದೇ.

ರಾಜನೆಂದರೆ ನಮ್ಮಪ್ಪ. ಬೀದಿಗೆಲ್ಲ ಶೀನಣ್ಣ, ಅಜ್ಜಿಗೆ ಮಾತ್ರ ಇವತ್ತಿಗೂ ‘ಲೋ ಶೀನ’. ಕಾಲೇಜೊಂದರ ಆಫೀಸಿನಿಂದ ನಿವೃತ್ತನಾದ ದಿನವೇ ಅಪ್ಪ ಅವೆನ್ಯೂ ರಸ್ತೆಯಿಂದ ಒಂದು ಚೀಲ ಹಳೇ ಪುಸ್ತಕ ಹೊತ್ತು ತಂದ. ಎಲ್ಲವೂ ಮಣ್ಣಲ್ಲಿ ಮುಚ್ಚಿಹೋದ ಊರುಗಳ ಕುರಿತವು. ಬೆಳಿಗ್ಗೆ ಪುಸ್ತಕ, ಸಂಜೆ ಟೀವಿಯಲ್ಲಿ ಡಾಕ್ಯುಮೆಂಟರಿ. ನಾನೂ ಪಕ್ಕದಲ್ಲಿ ಕೂತು ನೋಡುತ್ತೇನೆ. ಅಜ್ಜಿಯ ಕಥೆ ಕೇಳಿಯೇ ಬೆಳೆದವಳು ನಾನು. ಸುಮೇರಿಯದ ರಾಣಿ ತಲೆಗೆ ಚಿನ್ನದ ಎಲೆ ಮುಡಿದು ಮಲಗಿದ್ದನ್ನು ತೋರಿಸಿದರೆ ಅವಳಿಗೆ ಯಾವ ರಾಕ್ಷಸ ನಿದ್ದೆಯ ಕಡ್ಡಿ ತಾಗಿಸಿದನೋ ಎಂದು ಯೋಚಿಸುತ್ತ ಉಳಿದ ಅರ್ಧ ಗಂಟೆ ಕಳೆದುಬಿಡುತ್ತೇನೆ. ಅಜ್ಜಿ ತಾನು ನೋಡುವುದಿಲ್ಲವೆಂದು ಹೇಳುತ್ತಲೇ ಬಾಗಿಲ ಬಳಿ ನಿಂತು ನೋಡುತ್ತಾಳೆ. “ಪಾಪ, ಆ ಹೆಣಕ್ಕೆ ಎಷ್ಟು ಬಟ್ಟೆ ಸುತ್ತಿದಾರೋ! ಸೆಕೆಯಾಗಲ್ವೇನೋ ಅದಕ್ಕೆ?”

ಇನ್ನು ಬಚ್ಚಲ ವಿಷಯ. ಸಂಕ್ರಾಂತಿಗೂ ಮುಂಚೆ ಅದರ ನೀರು ನಿಲ್ಲತೊಡಗಿತು. ಪ್ಲಂಬರ್ ಬಂದು ಉದ್ದನೆಯ ತಂತಿ ಆಡಿಸಿ, ಕಟ್ಟಿಕೊಂಡಿರುವುದು ಇಲ್ಲಲ್ಲ, ಮುಂದೆಲ್ಲೋ ಎಂದ. “ಚೇಂಬರ್ ಎಲ್ಲಿದೆ ಸಾರ್?” ಮನೆಯ ನೀರೆಲ್ಲ ಬೀದಿಯ ಪೈಪಿಗೆ ಸೇರುವ ಮುಂಚೆ ಬಂದು ಬೀಳುವ ಮುಚ್ಚಳದ ಗುಂಡಿ ಅದು. ನಮ್ಮದು ಎಲ್ಲಿದೆಯೋ ಯಾರಿಗೂ ಗೊತ್ತಿರಲಿಲ್ಲ. ಮನೆ ಕಟ್ಟಿಸಿದ ತಾತ ತೀರಿಹೋಗಿ ಬಹಳ ಕಾಲವಾಗಿತ್ತು. ಹಾಗಾದರೆ ನೆಲ ಒಡೆಯಬೇಕು ಎಂದ ಪ್ಲಂಬರ್. ಅಪ್ಪ ಥಟ್ಟನೆ ಕೈ ಎತ್ತಿದ.

“ಒಡೆಯೋದೇನೂ ಬೇಡ. ಚೇಂಬರ್ ನಾನೇ ಹುಡುಕ್ತೀನಿ, ನಾನೇ ಕ್ಲೀನ್ ಮಾಡ್ತೀನಿ. ಅಮ್ಮಾ, ಇದು ನನ್ನ ಮಾತು.”

ಮಾತು ಕೊಟ್ಟ ಅಪ್ಪ ಸಂಶೋಧನೆಗೆ ಕೂತ. ಸಂಶೋಧನೆ ಬೆತ್ತದ ಕುರ್ಚಿಯಲ್ಲೇ ನಡೆಯಿತು. ಯುಗಾದಿ ಕಳೆಯಿತು. ಅಜ್ಜಿ ಸ್ನಾನಕ್ಕೆ ಕೂತರೆ ಅರ್ಧ ಬಕೀಟು ಮುಗಿಯುವಷ್ಟರಲ್ಲಿ ಚೊಂಬು ದೋಣಿಯಂತೆ ತೇಲಿಕೊಂಡು ಮೂಲೆ ಸೇರುತ್ತಿತ್ತು.

ಒಂದು ಸಂಜೆ ಟೀವಿಯಲ್ಲಿ ಮೊಹೆಂಜೊದಾರೊ ಬಂತು.

“ನೋಡಮ್ಮ, ನಾಲ್ಕೂವರೆ ಸಾವಿರ ವರ್ಷದ ಹಿಂದೆ! ಮನೆಮನೆಗೂ ಬಚ್ಚಲು, ಬಚ್ಚಲಿಂದ ಇಟ್ಟಿಗೆ ಮೋರಿ, ಮೋರಿಗೆ ತೆಗೆದು ಹಾಕೋ ಮುಚ್ಚಳ. ಒಂದು ತೊಟ್ಟು ನೀರು ನಿಲ್ತಿರ್ಲಿಲ್ಲ!”

ಒದ್ದೆ ಸೀರೆಯ ಅಂಚು ಹಿಂಡುತ್ತಿದ್ದ ಅಜ್ಜಿ ತಲೆಯಾಡಿಸಿದಳು. “ಅವರ ಮನೆ ಗಂಡಸರು ಟೀವಿ ನೋಡ್ತಿರ್ಲಿಲ್ಲ ಅನ್ಸತ್ತೆ ಕಣೋ.”

ನಾನು ನಕ್ಕೆ. ಅಜ್ಜಿ ನಗಲಿಲ್ಲ. “ಲೋ ಶೀನ, ಕೇಳು. ಭಾನುವಾರದವರೆಗೆ ನೋಡ್ತೀನಿ. ಆಗ್ಲಿಲ್ವಾ, ವಾಣಿ ಮನೆಗೆ ಹೋಗ್ತೀನಿ. ವೈಯಾಲಿಕಾವಲ್‌ನಲ್ಲಿ ನೀರು ಕೆಳಗಡೆಗೇ ಹೋಗತ್ತೆ.”

ನನ್ನ ನಗು ಅಲ್ಲೇ ನಿಂತಿತು. ಅಪ್ಪನ ತಂಗಿ ವಾಣಿ ಅತ್ತೆಯ ಮನೆಗೆ ಹೋದ ಅಜ್ಜಿಯನ್ನು ಅತ್ತೆ ಮತ್ತೆ ಕಳಿಸುವುದುಂಟೆ? ಅಲ್ಲಿ ಲಿಫ್ಟಿದೆ, ಗೀಸರಿದೆ, ಬಾಲ್ಕನಿಯಿಂದ ದೇವಸ್ಥಾನದ ಗೋಪುರ ಕಾಣುತ್ತದೆ. ಇಲ್ಲಿ ಇರುವುದು ನಾನು, ಆರಾಧನಾ. ಇಪ್ಪತ್ತಾರು ದಾಟಿದರೂ ಕಥೆಯ ಕೊನೆಗೆ “ಆಮೇಲೆ?” ಅನ್ನುವವಳು.

ಭಾನುವಾರ ಬಂದೇಬಿಟ್ಟಿತು. ಅಜ್ಜಿಯ ಬಟ್ಟೆಚೀಲ ಜಗಲಿಯ ಮೇಲೆ ಸಿದ್ಧವಾಗಿ ಕೂತಿತ್ತು. ಅತ್ತೆ ಕಾರು ತರುವವಳಿದ್ದಳು. ಅಪ್ಪ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಮನೆಯ ಸುತ್ತ ಗೋಡೆ ಕುಟ್ಟುತ್ತ ತಿರುಗುತ್ತಿದ್ದ. ಅಜ್ಜಿ ಹಿತ್ತಲಿನಲ್ಲಿ ತನ್ನ ಮಾಮೂಲಿ ಜಾಗದಲ್ಲಿ, ಅಂದರೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ತಲೆ ಬಾಚುತ್ತಿದ್ದಳು. ವಾಷಿಂಗ್ ಮೆಷೀನು ಬಂದ ಮೇಲೆ ಆ ಕಲ್ಲಿಗೆ ಇದ್ದ ಕೆಲಸ ಅದೊಂದೇ. ನನಗೆ ಕಥೆಗಳೆಲ್ಲ ಹುಟ್ಟಿದ್ದು ಅದರ ಮೇಲೆ.

“ಹೋಗೋ ಮುಂಚೆ ಒಂದು ಕಥೆ ಹೇಳಜ್ಜಿ.”

“ಯಾವುದು?”

“ಈ ಕಲ್ಲಿಂದೇ ಹೇಳು.”

ಅಜ್ಜಿ ಬಾಚಣಿಗೆ ಕೆಳಗಿಟ್ಟಳು. “ಈ ಕಲ್ಲಿನ ಕೆಳಗೆ ಒಂದು ಹಾವು. ಏಳು ಹೆಡೆ. ಅದಕ್ಕೆ ಯಾವಾಗ್ಲೂ ಬಾಯಾರಿಕೆ. ನಾವು ಚೆಲ್ಲಿದ ನೀರೆಲ್ಲ ಅದೇ ಕುಡಿಯೋದು. ಮಳೆ ಬಂದ್ರೆ ಹೊಟ್ಟೆ ತುಂಬಿ ಬುಸ್ ಅನ್ನತ್ತೆ. ಕಲ್ಲು ಎತ್ತಿದ ಮಕ್ಕಳನ್ನ ಪಾತಾಳಕ್ಕೆ...”

ಅಷ್ಟರಲ್ಲಿ ಅಪ್ಪ ಬಚ್ಚಲಲ್ಲಿ ಪರೀಕ್ಷೆಗೆಂದು ಒಂದು ಬಕೀಟು ನೀರು ಸುರಿದ. ನಮ್ಮ ಕಾಲ ಕೆಳಗೆ, ಕಲ್ಲಿನಡಿ, ಏನೋ ಗುಳುಗುಳು ಎಂದು ಆಮೇಲೆ ನಿಟ್ಟುಸಿರು ಬಿಟ್ಟಿತು.

ಮೊದಲು ಹಾವೇ ಇರಬೇಕೆಂದುಕೊಂಡೆ, ಸುಳ್ಳೇಕೆ. ಅದಾದ ಮೇಲೆ ಅಪ್ಪನ ಟ್ರಾಯ್ ನಗರ ನೆನಪಾಯಿತು. ಬರೀ ಹಳೇ ಕಥೆಯೆಂದು ಲೋಕವೆಲ್ಲ ನಕ್ಕಾಗ ಒಬ್ಬಾತ ಆ ಕಥೆಯನ್ನೇ ನಂಬಿ ಅಗೆದನಂತೆ, ಊರೇ ಸಿಕ್ಕಿತಂತೆ.

“ಅಜ್ಜಿ, ಈ ಕಥೆ ನಿನಗೆ ಯಾರು ಹೇಳಿದ್ದು? ನಿಮ್ಮಮ್ಮನಾ?”

“ನಮ್ಮಮ್ಮ ಎಲ್ಲಿ ಬಂದ್ಲು? ವಾಣಿ ಹುಟ್ಟಿ, ಬಾಣಂತನ ಮುಗಿಸ್ಕೊಂಡು ತವರಿಂದ ಬಂದಾಗ ಈ ಕಲ್ಲು ಇಲ್ಲಿ ಬಂದು ಕೂತಿತ್ತು. ಮುಂಚೆ ಬಾವಿ ಹತ್ರ ಇತ್ತು. ನಿಮ್ಮಪ್ಪ ಆಗ ಇಷ್ಟುದ್ದ ಇದ್ದ. ಓಡಿಬಂದು, ‘ಅಮ್ಮಾ, ಕಲ್ಲು ಮುಟ್ಬೇಡ, ಕೆಳಗಡೆ ನೀರು ಕುಡಿಯೋ ಹಾವಿದೆ, ಅಪ್ಪ ಹೇಳಿದ್ರು’ ಅಂದ. ನಾನು ಅದಕ್ಕೆ ಏಳು ಹೆಡೆ ಸೇರಿಸ್ದೆ, ಅಷ್ಟೇ.”

“ಅಪ್ಪಾ!” ನಾನು ಕೂಗಿದ್ದು ಬಹುಶಃ ಗಾಂಧಿ ಬಜಾರಿಗೂ ಕೇಳಿಸಿತು.

ಖಾಲಿ ಬಕೀಟು ಹಿಡಿದು ಬಂದ ಅಪ್ಪನಿಗೆ ಎಲ್ಲ ಹೇಳಿದೆ. ಅವನು ಕಲ್ಲನ್ನೇ ನೋಡುತ್ತ ನಿಂತ. ಮುಖದಲ್ಲಿ ಇದ್ದಕ್ಕಿದ್ದಂತೆ ಐದು ವರ್ಷದ ಹುಡುಗನೊಬ್ಬ ಇಣುಕಿದ.

“ನೀನು ತವರಲ್ಲಿದ್ದಾಗ ಇಲ್ಲೊಂದು ಗುಂಡಿ ಮಾಡ್ಸಿದ್ರು. ನಾನು ಅದರೊಳಗೆ ಸ್ಪೂನು, ಲೋಟ ಎಲ್ಲ ಹಾಕ್ತಿದ್ದೆ. ಅಪ್ಪ ಬೈದು... ಅಯ್ಯೋ, ಮುಚ್ಚಳದ ಮೇಲೇ ಕಲ್ಲಿಟ್ಟುಬಿಟ್ರು! ಹಾವು ಅಂತ ಹೆದರಿಸಿದ್ದು ನನ್ನನ್ನೇ!”

“ಶಭಾಷ್,” ಎಂದಳು ಅಜ್ಜಿ. “ಬ್ಯಾಬಿಲೋನಲ್ಲಿ ಯಾವ ರಾಜ ಏನು ಹೂತಿಟ್ಟ ಅಂತ ಗೊತ್ತು. ಮನೇಲಿ ಅಪ್ಪ ಏನು ಮುಚ್ಚಿಟ್ಟ ಅಂತ ಗೊತ್ತಿಲ್ಲ.”

“ನೀನು ಏಳಮ್ಮ ಮೊದಲು.”

“ಏಳಲ್ಲ. ಹಾವಿದೆ.”

“ಅಮ್ಮಾ!”

ಅಜ್ಜಿ ಎದ್ದಳು. ಕಲ್ಲು ಮಾತ್ರ ಏಳಲಿಲ್ಲ. ಪಕ್ಕದ ಮನೆಯಿಂದ ಹಾರೆ ತಂದು ಮೀಟಿದೆವು; ಬೆರಳಷ್ಟು ಎದ್ದು ಮತ್ತೆ ಕೂತಿತು. ಅಪ್ಪ ಸೋಲಲಿಲ್ಲ. ಪಿರಮಿಡ್ಡಿನವರು ಕಲ್ಲು ಎಳೆಯುವಾಗ ಮುಂದಿನ ಮರಳಿಗೆ ನೀರು ಹಾಕುತ್ತಿದ್ದರು, ಆಗ ಕಲ್ಲು ಸಲೀಸಾಗಿ ಜಾರುತ್ತಿತ್ತು ಎಂದ. ಮರಳಿಗೆ ಎಲ್ಲಿ ಹೋಗೋಣ? ಇರುವುದು ಪಾಚಿ ಕಟ್ಟಿದ ನೆಲ. ನೀರಿಗಂತೂ ಬರವಿರಲಿಲ್ಲ, ಬಚ್ಚಲಲ್ಲಿ ನಿಂತದ್ದನ್ನೇ ಮೊಗೆದು ಮೊಗೆದು ತಂದು ಸುರಿದೆ. ಅಪ್ಪ ಒಳಗೆ ಓಡಿ ಅಜ್ಜಿಯ ಒನಕೆ ಎತ್ತಿಕೊಂಡು ಬಂದ.

“ಲೋ, ಅದು ನಮ್ಮತ್ತೆ ಕಾಲದ್ದು ಕಣೋ!”

“ಪ್ರಾಚೀನ ವಸ್ತು ಅಂತಾನೇ ತಂದಿದ್ದು!”

ಹೊರಗೆ ಕಾರಿನ ಹಾರನ್ ಕೇಳಿಸಿತು. ವಾಣಿ ಅತ್ತೆ ಹಿತ್ತಲಿಗೆ ಬಂದಾಗ ಅವಳ ಅಣ್ಣ ಪಂಚೆ ಮೇಲೆ ಕಟ್ಟಿ, ಒನಕೆಯ ಮೇಲೆ ಒಗೆಯೋ ಕಲ್ಲನ್ನು ಉರುಳಿಸುತ್ತಿದ್ದ, ಸೋದರಸೊಸೆಯಾದ ನಾನು “ಐಸಾ!” ಅನ್ನುತ್ತಿದ್ದೆ. ಅತ್ತೆ ಪರ್ಸನ್ನು ಎದೆಗವಚಿಕೊಂಡಳು. “ಅಮ್ಮ, ಇವರಿಗೇನಾಯ್ತು?”

“ಈಜಿಪ್ಟಾಗಿದೆ. ಕೂತ್ಕೋ,” ಎಂದಳು ಅಜ್ಜಿ.

ಕಲ್ಲು ಸರಿದ ಜಾಗದಲ್ಲಿ ಒಂದು ಸಣ್ಣ ಚಪ್ಪಡಿ, ನಡುವೆ ತುಕ್ಕು ಹಿಡಿದ ಕಬ್ಬಿಣದ ಬಳೆ. ಅಪ್ಪ ಬಗ್ಗಿ ಬಳೆಯ ಮೇಲಿನ ಮಣ್ಣು ಒರೆಸಿದ. ಟೀವಿಯಲ್ಲಿ ಇಂಥ ಹೊತ್ತಿಗೆ ಹಿನ್ನೆಲೆಯಲ್ಲಿ ಕೊಳಲು ನುಡಿಸುತ್ತಾರೆ. ನಮಗೆ ಪಕ್ಕದ ಮನೆಯ ಕುಕ್ಕರ್ ಕೂಗಿತು. ಹಾರೆ ತೂರಿಸಿ ಎತ್ತಿದೆವು. ವಾಸನೆ ಎದ್ದಿತು. ಅತ್ತೆ ಸೆರಗು ಮೂಗಿಗೆ ಹಿಡಿದಳು. ಹಾವಿರಲಿಲ್ಲ. ಅಂಚಿನವರೆಗೆ ಗಟ್ಟಿ ಕೆಸರು, ಮೇಲೆ ಬೆರಳಷ್ಟು ನೀರು.

ಅಪ್ಪ ಮೊಣಕಾಲೂರಿ ಕೂತು ತೋಟದ ಕರಣೆಯಿಂದ ಮೇಲಿನಿಂದ ಕೆಳಕ್ಕೆ ಪದರ ಪದರವಾಗಿ ತೆಗೆಯತೊಡಗಿದ. “ಇದು ಶ್ಯಾಂಪೂ ಪ್ಯಾಕೆಟ್ಟಿನ ಯುಗ. ಇದು ಕೂದಲು, ಆರಾಧನಾಳದ್ದು. ಆಹಾ, ಇದನ್ನ ನೋಡು, ಕೆಂಪು ಪದರ! ಇಟ್ಟಿಗೆ ಪುಡಿ. ಇದರ ಜೊತೆ ನಾರು... ಬೀಜ... ಕಲ್ಲಿನ ಹಾಗೆ ಗಟ್ಟಿಯಾಗಿದೆ. ಕಟ್ಟಿಕೊಂಡಿದ್ದು ಇದೇ. ಇದ್ಯಾವ ನಾಗರಿಕತೆ?”

ಅವನು ಅಂಗೈ ಚಾಚಿದ. ಹುಣಸೆ ಬೀಜ. ಪ್ರತಿ ಶುಕ್ರವಾರ ದೇವರ ಹಿತ್ತಾಳೆ ದೀಪ, ಪಂಚಪಾತ್ರೆಗಳನ್ನು ಬಚ್ಚಲಲ್ಲಿ ಕೂತು ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ಫಳಫಳ ಉಜ್ಜುವವರು ಈ ಬೀದಿಯಲ್ಲಿ ಇನ್ನು ಒಬ್ಬರೇ ಉಳಿದಿದ್ದರು. ಪೌಡರ್ ತಂದುಕೊಟ್ಟರೆ ಅದರಲ್ಲಿ ಹೊಳಪಿಲ್ಲ ಎನ್ನುತ್ತಿದ್ದರು.

ನಾವು ಮೂವರೂ ಅಜ್ಜಿಯ ಕಡೆ ತಿರುಗಿದೆವು. ಅಜ್ಜಿ ಬಾಚಿದ ತಲೆಯನ್ನೇ ಮತ್ತೆ ಬಾಚಿಕೊಂಡಳು.

“ಹರಪ್ಪದವರೂ ಹುಣಸೆಹಣ್ಣು ಹಾಕ್ತಿದ್ರೇನೋ,” ಎಂದಳು.

“ಹಾಕ್ತಿದ್ರಮ್ಮ,” ಎಂದ ಅಪ್ಪ. “ಅದಕ್ಕೇ ನಾಶವಾದ್ರು.”

ಅತ್ತೆ ನಗು ತಡೆಯಲಾರದೆ ಸೆರಗು ಬಿಟ್ಟಳು, ವಾಸನೆ ಕುಡಿದು ಕೆಮ್ಮಿದಳು. ಅಜ್ಜಿ ಮಗನ ಬೆನ್ನಿಗೆ ಬಾಚಣಿಗೆಯಿಂದ ಒಂದು ಕೊಟ್ಟಳು.

ಮಧ್ಯಾಹ್ನದವರೆಗೂ ಅಪ್ಪ ತೋಡಿದ, ನಾನು ಬಾಂಡಲಿಯಲ್ಲಿ ಹೊತ್ತೆ. ತಳದ ಪೈಪಿನ ಬಾಯಿ ಕಂಡಾಗ ಅವನೇ ಎದ್ದು ಹೋಗಿ ಕೈಕಾಲು ತೊಳೆದು ಬಂದು, ಕಲ್ಲನ್ನು ಮತ್ತೆ ಅಲ್ಲಿಡದೆ ಬಾವಿಯ ಪಕ್ಕಕ್ಕೆ ಉರುಳಿಸಿದ.

ಅಜ್ಜಿ ಜಗಲಿಯಿಂದ ಚೀಲ ತಂದಳು. ಅದರೊಳಗಿಂದ ಟವೆಲು, ಸೋಪಿನ ಡಬ್ಬಿ ಹೊರತೆಗೆದಳು. ವಾಣಿ ಅತ್ತೆ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಬಚ್ಚಲ ಬಾಗಿಲು ಮುಚ್ಚಿತು. ಚೊಂಬಿನಿಂದ ನೀರು ಸುರಿಯುವ ಸದ್ದು, ಒಂದು, ಇನ್ನೊಂದು. ಅಪ್ಪ ತೆರೆದ ಗುಂಡಿಯ ಅಂಚಿನಲ್ಲಿ ಬಗ್ಗಿ ಕೂತ. ಅವನ ಹೆಗಲ ಮೇಲಿಂದ ನಾನೂ ಇಣುಕಿದೆ. ಕತ್ತಲಲ್ಲಿ ಸೋಪಿನ ನೊರೆ ಬಂತು, ಒಂದು ಸುತ್ತು ಸುತ್ತಿತು, ಎಲ್ಲಿಯೂ ನಿಲ್ಲದೆ ಬೀದಿಯ ಕಡೆಗೆ ಬುಸ್ಸೆಂದು ಹೊರಟುಹೋಯಿತು.