ಕರಿಮಣಿಯಲ್ಲಿ ಹೆಚ್ಚಿನ ಗುಂಡು

ಲ್ಯಾಪ್‌ಟಾಪಿನ ಫ್ಯಾನು ಏದುಸಿರು ಬಿಡುತ್ತಿದೆ, ಲೆಕ್ಕ ಇನ್ನೂ ಮುಗಿದಿಲ್ಲ, ಕೊಪ್ಪದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವ ಅರ್ಪಣಾ ಪರದೆಯಿಂದ ಕಣ್ಣು ಕೀಳುತ್ತಿಲ್ಲ, ಕಿತ್ತರೆ ಹೊರಗೆ ಕೂತವರಿಗೆ ಉತ್ತರ ಹೇಳಬೇಕು — ನರಸಿಂಹರಾಜಪುರದ ತಿರುವಿನಲ್ಲಿ ಸ್ಕೂಟರ್ ಜಾರಿ ಅಕ್ಕ ಪವಿತ್ರಾ ಹೋದಳು, ವರ್ಷಾಂತದ ತಿಥಿಯೂ ಮುಗಿಯಿತು, ಈಗ ಅಕ್ಕನ ಅತ್ತೆ ವೆಂಕಮ್ಮ ಶೃಂಗೇರಿಯಿಂದ ಮಗನನ್ನೂ ಮೊಮ್ಮಗಳು ಅನನ್ಯಳನ್ನೂ ಕರಕೊಂಡು ಹೆಣ್ಣು ಕೇಳಲು ಬಂದಿದ್ದಾರೆ, ಎಂತ ಯೋಚ್ನೆ ಮಾರಾಯ್ತಿ, ಯಜ್ಞೇಶ ನೀ ಕಾಣದವನಾ, ಬೇರೆಯವಳು ಬಂದ್ರೆ ಕೂಸಿನ ಗತಿ ಕೇಳ್ಬೇಡ — ಭಾವ ನಕ್ಕರೆ ಎದೆ ಬೆಚ್ಚಗಾಗುವುದು ಸುಳ್ಳಲ್ಲ, ಆದರೆ ಆ ಬಿಸಿ ಯಾರದ್ದು, ಸಾರು ಥೇಟ್ ಪವಿತ್ರಾನ ಕೈದೇ ಅಂದನಲ್ಲ, ಹೊಗಳಿದ್ದು ಯಾರನ್ನು — ನೀರಿನ ಎರಡು ಅಣು, ಜೋಡಿಯ ಶಕ್ತಿಯಿಂದ ಬಿಡಿಬಿಡಿಯದನ್ನು ಕಳೆದರೆ ಬಂಧದ ಬಲ, ಹುಡುಗರಿಗೆ ಹಾಗೇ ಹೇಳುತ್ತಾಳೆ, ಆದರೆ ಲೆಕ್ಕದಲ್ಲಿ ಹತ್ತಿರ ಕೂತ ಅಣು ಪಕ್ಕದ್ದರ ಎಲೆಕ್ಟ್ರಾನಿಗೆಂದು ಇಟ್ಟ ಜಾಗವನ್ನೂ ಕಡ ತಂದು ಬಲ ಹೆಚ್ಚೆಂದು ತೋರಿಸಿಕೊಳ್ಳುತ್ತದೆ, ಆ ಕಳ್ಳತನ ಹಿಡಿಯಲು ಒಂದನ್ನು ತೆಗೆದು ಅದರ ಜಾಗ ಮಾತ್ರ ಉಳಿಸಿ ಇನ್ನೊಂದನ್ನು ಮತ್ತೆ ಅಳೆಯಬೇಕು, ನ್ಯೂಕ್ಲಿಯಸ್ ಇಲ್ಲ, ಎಲೆಕ್ಟ್ರಾನ್ ಇಲ್ಲ, ಬರೀ ಜಾಗ, ವಿಜ್ಞಾನಿಗಳೇ ಅದಕ್ಕೆ ದೆವ್ವದ ಪರಮಾಣು ಎಂದು ಹೆಸರಿಟ್ಟಿದ್ದಾರೆ — ಬಂತು, ಏಳೆಂದು ಬೀಗಿದ್ದ ಬಲ ಐದಕ್ಕಿಳಿಯಿತು, ಉಳಿದದ್ದು ಕಡದ್ದು, ಅಣುವಾದರೆ ಇಷ್ಟು ಸಲೀಸು, ಅಕ್ಕನ ಜಾಗ ಹಾಗೇ ಬಿಟ್ಟು ತನ್ನನ್ನು ಅಳೆದರೆ ಎಷ್ಟು ಉಳಿದೀತು, ಏನಾದರೂ ಉಳಿದೀತೇ — ಬಾರೇ ಅರ್ಪಣಾ, ಇದೊಂಚೂರು ನೋಡು, ಎದ್ದು ಹೊರಗೆ ಹೋದಳು, ವೆಂಕಮ್ಮ ಚೀಲದಿಂದ ಡಬ್ಬಿ ತೆಗೆದರು, ಹೊಸ ಕರಿಮಣಿ, ಬರೀ ಕರಿ ಮಣಿಗಳ ನಡುವೆ ಹೆಚ್ಚಿನದಾಗಿ ಒಂದೇ ಒಂದು ಚಿನ್ನದ ಗುಂಡು, ಇದು ಅವ್ಳದ್ದು ಕಣೇ, ಹೋದವಳಿಗೂ ಒಂದು ಜಾಗ ಇಡ್ಬೇಕು, ಇಲ್ದಿದ್ರೆ ಬಿಡ್ತಾಳಾ, ದಿನಾ ಮೊದ್ಲು ಅದಕ್ಕೆ ಕುಂಕುಮ, ಆಮೇಲೆ ನಿಂಗೆ, ಭಾವ ನೆಲ ನೋಡುತ್ತಿದ್ದಾನೆ, ಅಕ್ಕ ನಕ್ಕ ಹಾಗಾಯಿತು, ಎಲ್ಲಿಂದ, ಆ ಗುಂಡಿನ ಕಡೆಯಿಂದ, ಛೆ, ಕೂಸಿನ ಮುಖ ನೋಡಿದರೆ ಸಾಕು, ಆಗಲಿ ಎನ್ನುವ ಮಾತು ನಾಲಗೆಯ ತುದಿಗೆ ಬಂದಿದೆ, ಅಷ್ಟರಲ್ಲಿ ಅನನ್ಯ ಸರ ಎತ್ತಿ ಹಿಡಿದು ಚಿನ್ನದ್ದರ ಮೇಲೆ ಬೆರಳಿಟ್ಟಿತು, ಚಿಕ್ಕಿ, ಇದು ಅಮ್ಮ ಅಲ್ದಾ, ಹಂಗಾರೆ ನೀ ಯಾವ್ದು — ಕರಿದು, ಕರಿದು, ಪಕ್ಕದ್ದೂ ಕರಿದು, ಎಲ್ಲ ಒಂದೇ ಥರ, ಯಾವುದನ್ನು ತೋರಿಸುವುದು, ಆಗಲಿ ಎಂಬುದು ಎಲ್ಲಿ ಹೋಯಿತು, ಕೂಸು ಬೆರಳು ತೆಗೆಯುತ್ತಿಲ್ಲ, ಬೆರಳಿನಡಿ ಆ ಗುಂಡು, ಬರೀ ಆ ಗುಂಡು —